ಬರಿಗೈಲಿ ಹೋಗಬಾರದು

ಸಿದ್ದರಾಮಪ್ಪ ಸಾಹೇಬರ ಮೊಣಕಾಲು ವರ್ಷದಲ್ಲಿ ಬೇರೆ ಯಾವ ದಿನ ಬೇಕಾದರೂ ಹಿಡಿದುಕೊಳ್ಳಬಹುದಿತ್ತು. ಹುಲಗೇಶನ ಗ್ರಹಚಾರ, ಆ ಶನಿವಾರವೇ ಹಿಡಿದುಕೊಂಡಿತು.

ತೆಲುಗು ಸೀಮೆಯ ಬಾಲಾನಗರದ ಕಾರ್ಖಾನೆಯಲ್ಲಿ ಸಾಹೇಬರೇ ಅವನ ಮೇಲಧಿಕಾರಿ. ಮುಂದಿನ ವಾರ ಕೊಪ್ಪಳದಲ್ಲಿ ತಂಗಿ ಗುರುದೇವಿಯ ನಿಶ್ಚಯ. ಅಪ್ಪನಿಲ್ಲದ ಮನೆ, ಅಣ್ಣನೇ ಕೂತು ಎಲೆಅಡಿಕೆ ಬದಲಿಸಬೇಕು. ಅವನ ರಜೆಯೋ, ಸಾಹೇಬರ ‘ನೋಡೂಣು’ ಎಂಬ ಮಾತಿಗೆ ಸಿಕ್ಕಿ ತಿಂಗಳಿಂದ ನೇತಾಡುತ್ತಿತ್ತು. ಅಂಥ ಹೊತ್ತಿನಲ್ಲಿ ಫೋನು ಬಂತು.

“ಹುಲಗೇಶ, ಕಾಲು ನೆಲಕ್ಕ ಊರಾಕ ಬರವಲ್ದು. ನಾಳೆ ನಮ್ಮ ಬಾದಶಾನ್ನ ನಾಯಿ ಪಾರ್ಕಿಗೆ ಕರಕೊಂಡು ಹೋಗ್ರಿ. ಅಲ್ಲಿ ದೊಡ್ಡ ದೊಡ್ಡ ಮಂದಿ ಬರ್ತಾರ, ನನ್ನ ಮರ್ಯಾದಿ ಕಳೀಬ್ಯಾಡ್ರಿ. ಬಂದ ಮ್ಯಾಲ ನಿಮ್ಮ ರಜಾದ್ದು ನೋಡೂಣು.”

ನಾಯಿಗೂ ಒಂದು ಪಾರ್ಕು ಇರುತ್ತದೆಂದು ಹುಲಗೇಶ ಕೇಳಿರಲೇ ಇಲ್ಲ. ಅಲ್ಲಿ ಹೇಗೆ ಕೂಡಬೇಕು, ಹೇಗೆ ಏಳಬೇಕು ಎಂಬ ಚಿಂತೆ ಹತ್ತಿತು. ಹೆಂಡತಿ ಸುಮಂಗಲಾ ಮಾತ್ರ ಗಟ್ಟಿಗಿತ್ತಿ.

“ನಾಯಿದಾದ್ರೇನು, ಮಂದಿದಾದ್ರೇನು, ಮೊದಲ ಸಲ ಹೊಂಟೀರಿ. ಬರಿಗೈಲೆ ಹೋಗಬಾರದ್ರಿ,” ಎಂದು ಬೆಳಗ್ಗೆದ್ದು ಸಜ್ಜಿರೊಟ್ಟಿ ಬಡಿದು, ಬೆಣ್ಣೆ ಸವರಿ, ಅರಿವೆಯಲ್ಲಿ ಗಂಟು ಕಟ್ಟಿಕೊಟ್ಟಳು. ಮರ್ಯಾದೆಯ ಪ್ರಶ್ನೆ ನೋಡಿ, ನಿಶ್ಚಯಕ್ಕೆಂದು ತಂದಿದ್ದ ಹೊಸ ಚಪ್ಪಲಿಯನ್ನೇ ಮೆಟ್ಟಿಕೊಂಡು ಹುಲಗೇಶ ಸಾಹೇಬರ ಮನೆಗೆ ಹೋದ.

ಬಾದಶಾ ಕರುವಿನಷ್ಟು ಎತ್ತರದ ನಾಯಿ. ಹೆಸರಿಗೆ ಬಾದಶಾ, ಮುಖ ಮಾತ್ರ ಸೋತ ಕುಸ್ತಿಪಟುವಿನದು.

“ಇವರು ಮಗಳ ಬಾಣಂತನಕ್ಕ ಕಲಬುರ್ಗಿಗೆ ಹ್ವಾದಾಗಿಂದ ಹಿಂಗ ಮಖ ಸಣ್ಣ ಮಾಡಿಕೊಂಡೈತಿ,” ಎಂದು ಸಾಹೇಬರು ಬೆಲ್ಟನ್ನು ಕೈಗಿತ್ತರು. ‘ಇವರು’ ಅಂದರೆ ಸಾಹೇಬರ ಹೆಂಡತಿ.

ಪಾರ್ಕಿಗೆ ಒಂದರ ಹಿಂದೊಂದು ಎರಡು ಗೇಟು. ಹುಲಗೇಶ ಯಾರದೋ ಮನೆಗೆ ಹೋದವನಂತೆ ಚಪ್ಪಲಿಯನ್ನು ಹೊರಗೇ ಬಿಟ್ಟು, ಬರಿಗಾಲಲ್ಲಿ ಒಳಹೊಕ್ಕು, ಎಲ್ಲರಿಗೂ ಕೈ ಮುಗಿದ. ಬೂಟು ಹಾಕಿಕೊಂಡು ನಿಂತಿದ್ದ ಮಂದಿ ಅವನ ಪಾದವನ್ನೇ ನೋಡಿದರು. ಕೊರಳಿಗೆ ಪೀಪಿ ಕಟ್ಟಿಕೊಂಡಿದ್ದ ವನಜಾ ಎಂಬ ಹೆಂಗಸು, ಪಾರ್ಕಿನ ಉಸ್ತುವಾರಿ ಅವರದೇ, ಕಣ್ಣು ಸಣ್ಣದು ಮಾಡಿಕೊಂಡರು.

ಅಷ್ಟರಲ್ಲಿ ಗಂಡ ಹೆಂಡಿರಿಬ್ಬರು ತಮ್ಮ ನಾಯಿಯೊಂದಿಗೆ ಬಂದರು. ಬಂದವರಿಗೆ ಬಾಗಿಲು ತೆರೆಯದಿದ್ದರೆ ಹೇಗೆ? ಹುಲಗೇಶ ಓಡಿಹೋಗಿ ಎರಡೂ ಗೇಟುಗಳನ್ನು ಅಗಲಕ್ಕೆ ತೆರೆದು ಹಿಡಿದ.

“ಬರ್ರಿ, ಬರ್ರಿ. ನೀವ ಮೊದಲ.”

ಅವರು ಒಳಗೆ ಬರುವ ಮೊದಲೇ ಒಳಗಿದ್ದ ನಾಯಿಗಳು ಅವನ ಕಾಲ ಸಂದಿಯಿಂದ ಹೊರಗೆ ಹಾರಿದವು. ಅವುಗಳ ಹಿಂದೆ ಅವುಗಳ ಯಜಮಾನರು ಓಡಿದರು. ಬಿಳಿ ನಾಯಿಯೊಂದು ಹುಲಗೇಶನ ಎಡಗಾಲ ಚಪ್ಪಲಿಯನ್ನು ಕಚ್ಚಿಕೊಂಡು ಬೀದಿಯ ತಿರುವಿನಲ್ಲಿ ಮಾಯವಾಯಿತು.

ತಂಗಿಯ ನಿಶ್ಚಯ ಕಣ್ಣ ಮುಂದೆಯೇ ಓಡಿಹೋಗುತ್ತಿತ್ತು. ಆಗ ರೊಟ್ಟಿಯ ಗಂಟು ನೆನಪಾಯಿತು. ಬಿಚ್ಚಿ, ಒಂದು ತುಂಡು ಮೇಲೆತ್ತಿ, “ಬರ್ರಿ, ತಗೋರಿ, ಸಂಕೋಚ ಮಾಡ್ಕೋಬ್ಯಾಡ್ರಿ,” ಎಂದು ಕರೆದ.

ಯಾರೂ ಸಂಕೋಚ ಮಾಡಿಕೊಳ್ಳಲಿಲ್ಲ. ಓಡಿಹೋದವು ಬಂದವು, ಓಡದೆ ಒಳಗಿದ್ದವೂ ಬಂದವು. ರೊಟ್ಟಿಗಾಗಿ ಜಗಳ ಹತ್ತಿತು. ಬಿಡಿಸಲು ಬಂದ ಒಬ್ಬ ದೊಡ್ಡ ಮನುಷ್ಯರು ಯಾರದೋ ಬೆಲ್ಟು ಸುತ್ತಿಕೊಂಡು ಹುಲ್ಲಿನ ಮೇಲೆ ಕುಕ್ಕರಿಸಿದರು. ಈ ಗದ್ದಲದಲ್ಲಿ ಬಾದಶಾ ಮೆಲ್ಲಗೆ ಬಂದು, ಮೂಸಿ, ಒಂದು ಇಡೀ ರೊಟ್ಟಿಯನ್ನು ಬಾಯಿಗೆ ಹಾಕಿಕೊಂಡಿತು. ಆಮೇಲೆ ಇನ್ನೊಂದು.

ಪೀಪಿ ಕೂಗಿತು. “ಏಮಂಡೀ, ಬೋರ್ಡು ಚೂಡಲೇದಾ?” ಬೋರ್ಡು ನೋಡಲಿಲ್ಲವೇ ಎಂದು ತೆಲುಗಿನಲ್ಲಿ ಗದರಿದರು ವನಜಾ. ಬೋರ್ಡಿನಲ್ಲಿ ತಿಂಡಿ ತರಬಾರದೆಂದಿತ್ತು, ಒಂದು ಗೇಟು ಮುಚ್ಚದೆ ಇನ್ನೊಂದು ತೆರೆಯಬಾರದೆಂದೂ ಇತ್ತು. “ಇದಿ ಸಿದ್ದರಾಮಪ್ಪಗಾರಿ ಕುಕ್ಕ ಕದಾ?” ಸಿದ್ದರಾಮಪ್ಪನವರ ನಾಯಿಯಲ್ಲವೇ ಇದು ಎಂದು, ಬಾಯ್ತುಂಬ ರೊಟ್ಟಿ ಇಟ್ಟುಕೊಂಡ ಬಾದಶಾನ ಫೋಟೋ ತೆಗೆದು, ಅಲ್ಲೇ ಸಾಹೇಬರಿಗೆ ಕಳಿಸಿಬಿಟ್ಟರು.

ಒಂಟಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹುಲಗೇಶ ವಾಪಸಾದ. ಅವ್ವನಿಗೆ ಏನು ಹೇಳುವುದು, ಬೀಗರ ಮುಂದೆ ಗುರುದೇವಿಯ ಪಕ್ಕ ಯಾರು ಕೂಡುವುದು ಎಂದು ದಾರಿಯುದ್ದಕ್ಕೂ ಯೋಚಿಸಿದ. ಸಾಹೇಬರು ಫೋನು ಹಿಡಿದುಕೊಂಡೇ ಬಾಗಿಲಲ್ಲಿ ಕೂತಿದ್ದರು.

“ತಪ್ಪಾತ್ರಿ ಸಾಹೇಬ್ರ,” ಎಂದ ಹುಲಗೇಶ.

ಸಾಹೇಬರ ಕಣ್ಣು ತುಂಬಿದ್ದವು. “ನಾಕು ದಿನದಿಂದ ಇದು ನೀರು ಬಿಟ್ರ ಏನೂ ಮುಟ್ಟಿದ್ದಿಲ್ಲ ಹುಲಗೇಶ. ಡಾಕ್ಟರ್ ಕೈಚೆಲ್ಲಿದ್ರು. ಏನು ತಿನ್ನಿಸಿದ್ರಿ?”

“ಸಜ್ಜಿರೊಟ್ಟಿರಿ. ನಮ್ಮ ಮನಿಯಾಕಿ ಮಾಡಿದ್ದು.”

“ದೇವ್ರಂಗ ಬಂದ್ರಿ ನೋಡ್ರಿ.”

ಹುಲಗೇಶನಿಗೆ ಹೋದ ಜೀವ ಬಂದಂತಾಯಿತು. ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗದೆಂದು, “ಹಂಗಾರ ಸಾಹೇಬ್ರ, ನನ್ನ ರಜಾ,” ಎಂದ.

“ಎಂಥಾ ರಜಾರಿ? ಇವರು ಊರಿಂದ ಬರೂದು ಇನ್ನಾ ಎರಡು ತಿಂಗಳು ಐತಿ. ನೀವು ಹ್ವಾದ್ರ ಇದಕ್ಕ ತಿನ್ನಸೂರು ಯಾರು? ದಿನಾ ಮುಂಜಾನೆ ಬಂದುಬಿಡ್ರಿ.” ಸಾಹೇಬರು ತುಸು ಯೋಚಿಸಿದರು. “ನಿಮ್ಮ ಮನಿಯವರಿಗೂ ಹೇಳಿಬಿಡ್ರಿ, ಸದ್ಯ ಊರಿಗಿ ಹೋಗೂದು ಬ್ಯಾಡ ಅಂತ. ರೊಟ್ಟಿ ಬಡಿಯಾಕ ಅವರು ಬೇಕಲ್ಲ.”

ಬಾದಶಾ ಬಂದು ಅವನ ಬರಿಗಾಲು ನೆಕ್ಕಿತು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಸುಮಂಗಲಾ.

“ಏನಾತ್ರಿ? ಬ್ಯಾಗ್ ತುಂಬಲೇನು?”

ಹುಲಗೇಶ ಒಂಟಿ ಚಪ್ಪಲಿಯನ್ನು ಬಾಗಿಲ ಪಕ್ಕ ಇಟ್ಟ. “ನಿನ್ನ ರೊಟ್ಟಿ ಭಾಳ ಚಲೋ ಆಗಿದ್ದುವಂತ,” ಎಂದ.