ಬೇಡ ಎಂದವರಿಗೆ ಇನ್ನೊಂದು ಒಬ್ಬಟ್ಟು

ನಮ್ಮ ಮನೆತನದಲ್ಲಿ ‘ಬೇಡ’ ಎಂಬ ಮಾತಿಗೆ ಯಾರೂ ಬೆಲೆ ಕೊಟ್ಟವರಲ್ಲ. ಮೈಸೂರಿನಲ್ಲಿ ನಮ್ಮಜ್ಜಿ ಒಬ್ಬಟ್ಟಿನ ತಟ್ಟೆ ಹಿಡಿದು ಪಂಕ್ತಿಯಲ್ಲಿ ಬಂದರೆ, ಎಲೆಗೆ ಎರಡು ಕೈ ಅಡ್ಡ ಹಿಡಿದವರಿಗೂ ಬೆರಳ ಸಂದಿಯಲ್ಲಿ ಒಂದು ಜಾರಿಸಿಯೇ ಮುಂದೆ ಹೋಗುತ್ತಿದ್ದರು. ಮೊದಲ ಸಲ ಬೇಡ ಎಂದರೆ ಸಂಕೋಚ, ಎರಡನೆಯ ಸಲ ಎಂದರೆ ಮರ್ಯಾದೆ, ಮೂರನೆಯ ಸಲಕ್ಕೆ ಒಬ್ಬಟ್ಟು ಎಲೆಯ ಮೇಲೆ ಇರಲೇಬೇಕು. ಈ ಸಂಸ್ಕಾರವನ್ನು ನಾನು ಕಡಲಾಚೆಯ ಈ ಬಾಥೆಲ್ ಊರಿನ ಮನೆಗೆ ತಂದದ್ದು ತಪ್ಪಲ್ಲ. ಪಕ್ಕದೂರು ಬೆಲ್ವ್ಯೂವಿನ ಹದಿನಾಲ್ಕನೆಯ ಮಹಡಿಯ ಆಫೀಸಿಗೂ ಕೊಂಡುಹೋದೆ ನೋಡಿ, ಅಲ್ಲೇ ಎಡವಟ್ಟಾಯಿತು.

ಅಲ್ಲಿ ನಾನು ಐದು ಜನರ ಮ್ಯಾನೇಜರು. ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಅಪಾಯಿಂಟ್‌ಮೆಂಟ್ ಕೊಡುವ ಸಾಫ್ಟ್‌ವೇರು ನಮ್ಮದು. ಐವರಲ್ಲಿ ಚುರುಕಾದವಳು ಎಮಿಲಿ. ಅವಳು ಹುಬ್ಬು ಗಂಟಿಕ್ಕಿ ಕೂತದ್ದು ಕಂಡರೆ ನನಗೆ ತಡೆಯುತ್ತಿರಲಿಲ್ಲ. “ಸಹಾಯ ಬೇಕಾ?” ಎನ್ನುತ್ತಿದ್ದೆ. “ನೋ ಥ್ಯಾಂಕ್ಸ್” ಎನ್ನುತ್ತಿದ್ದಳು. ಪಾಪ, ಸಂಕೋಚ! ಅವಳು ಮನೆಗೆ ಹೊರಟ ಕೂಡಲೇ ಅವಳ ಕೆಲಸವನ್ನೆಲ್ಲ ನಾನೇ ತಿದ್ದಿ ಮುಗಿಸಿಡುತ್ತಿದ್ದೆ. ಬೆಳಿಗ್ಗೆ ಅದನ್ನು ನೋಡಿ ಅವಳು ಮಾತೇ ಆಡುತ್ತಿರಲಿಲ್ಲ. ಕೃತಜ್ಞತೆಯಿಂದ ಗಂಟಲು ಕಟ್ಟಿದೆ ಎಂದುಕೊಂಡಿದ್ದೆ.

ವರ್ಷ ಕಳೆದ ಮೇಲೆ ಡೈರೆಕ್ಟರು ನನ್ನನ್ನು ಕರೆಸಿದರು. ಎಮಿಲಿ ಬೇರೆ ತಂಡಕ್ಕೆ ವರ್ಗ ಕೇಳಿದ್ದಾಳೆ. ಉಳಿದ ನಾಲ್ವರು ನಾನು ಹೇಳದೆ ಕಡ್ಡಿ ಅಲ್ಲಾಡಿಸುವುದಿಲ್ಲ. ಸಾಫ್ಟ್‌ವೇರಿನ ಬಿಡುಗಡೆ ಎರಡು ಸಲ ಮುಂದಕ್ಕೆ ಹೋದದ್ದು ಅದಕ್ಕೇ. “ಎರಡು ತಿಂಗಳು ಲೀಡರ್‌ಶಿಪ್ ಕೋಚಿಂಗ್ ಕೊಡಿಸುತ್ತೇವೆ. ಅಷ್ಟರಲ್ಲಿ ಅವಳು ಮನಸ್ಸು ಬದಲಿಸಿದರೆ ನೀವು ಮ್ಯಾನೇಜರಾಗಿ ಉಳಿಯುತ್ತೀರಿ” ಎಂದರು. ಬದಲಿಸದಿದ್ದರೆ ಏನೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಕೋಚಿಂಗ್ ಎಂದರೆ ನನಗೆ ಗೊತ್ತಿದ್ದದ್ದು ಎಸ್ಸೆಸ್ಸೆಲ್ಸಿ ಗಣಿತಕ್ಕೆಂದು ಬೆಳಿಗ್ಗೆ ಐದಕ್ಕೆ ಮೇಷ್ಟ್ರ ಮನೆ ಜಗಲಿಯಲ್ಲಿ ತೂಕಡಿಸಿದ್ದು. ನನ್ನ ಹೆಂಡತಿ ಸುಮಾ ಕೇಳಿದ್ದು ಒಂದೇ ಪ್ರಶ್ನೆ. “ಸುಮ್ನಿರೋದು ಹೇಗೆ ಅಂತ ಕಲಿಸ್ತಾರಾ ರೀ? ಹಾಗಿದ್ರೆ ಒಂದು ಕ್ಲಾಸೂ ತಪ್ಪಿಸ್ಬೇಡಿ.”

ಕೋಚ್ ಎಂದರೆ ಬೆಳ್ಳಿಕೂದಲಿನ ಮಾರ್ಥಾ. ಮನಸ್ಸಿನಲ್ಲಿ ಅವರನ್ನು ನಾನು ಕೋಚಮ್ಮ ಎನ್ನುತ್ತಿದ್ದೆ. ಮೊದಲ ದಿನ ನಮ್ಮ ಮೀಟಿಂಗಿನ ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡಿದರು. ಆಮೇಲೆ, “ಹನ್ನೊಂದು ಪ್ರಶ್ನೆ ಕೇಳಿದಿರಿ. ಹನ್ನೊಂದಕ್ಕೂ ನೀವೇ ಉತ್ತರ ಹೇಳಿದಿರಿ” ಎಂದರು. ನಾನು ಸೋಲುವವನೇ? ಅಜ್ಜಿ, ಪಂಕ್ತಿ, ಉಪಚಾರ ಎಲ್ಲವನ್ನೂ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, “ನಿಮ್ಮಜ್ಜಿ ಬಡಿಸುತ್ತಿದ್ದರು, ಸರಿ. ಅತಿಥಿಯ ತಟ್ಟೆಯಲ್ಲಿದ್ದದ್ದನ್ನು ತೆಗೆದುಕೊಂಡು ತಾವೇ ತಿನ್ನುತ್ತಿದ್ದರೇ?” ಎಂದರು. ಆಗ ಹೊಳೆಯಿತು. ಒಂದು ವರ್ಷ ನಾನು ಆ ಹುಡುಗಿಯ ಎಲೆಗೇ ಕೈ ಹಾಕಿದ್ದೆ.

ಅಂದೇ ತೀರ್ಮಾನಿಸಿದೆ, ಏನಾದರಾಗಲಿ ಬದಲಾಗಲೇಬೇಕು. ಕೋಚಮ್ಮ ಕೊಟ್ಟ ಪಾಠ ಚಿಕ್ಕದು: ಪ್ರಶ್ನೆ ಕೇಳು, ಉತ್ತರ ಬರುವವರೆಗೆ ಸುಮ್ಮನಿರು. ಚಿಕ್ಕದೇ, ಆದರೆ ನನ್ನ ನಾಲಿಗೆ ಕೇಳಬೇಕಲ್ಲ! ದೇವರ ಮುಂದಿನ ಬಟ್ಟಲಿನಿಂದ ಒಂದು ಹಿಡಿ ಕಲ್ಲುಸಕ್ಕರೆ ಜೇಬಿಗೆ ಹಾಕಿಕೊಂಡೆ. ಪ್ರಶ್ನೆ ಕೇಳಿದ ಕೂಡಲೇ ಒಂದು ಹರಳು ಬಾಯಿಗೆ. ಅದು ಕರಗುವವರೆಗೆ ಮೌನ. ಅದೇ ವಾರ ಒಬ್ಬನೇ ರೋಗಿಗೆ ಒಂದೇ ಹೊತ್ತಿಗೆ ಇಬ್ಬರು ವೈದ್ಯರನ್ನು ಗೊತ್ತುಮಾಡುವ ತೊಡಕು ಎದ್ದಿತು. ಉತ್ತರ ನನಗೆ ಗೊತ್ತಿತ್ತು. “ಎಮಿಲಿ, ನೀನಾದರೆ ಏನು ಮಾಡ್ತೀಯ?” ಎಂದು ಕೇಳಿ ಬಾಯಿಗೆ ಹರಳು ಹಾಕಿಕೊಂಡೆ. ಒಂದು ಹರಳು ಕರಗಿತು, ಎರಡು ಕರಗಿತು. ಮೂರನೆಯದಕ್ಕೆ ಅವಳು ಎದ್ದು ಬೋರ್ಡಿನ ಮೇಲೆ ಬರೆಯತೊಡಗಿದಳು. ನನ್ನ ಉತ್ತರಕ್ಕಿಂತ ಅದು ಎಷ್ಟೋ ವಾಸಿ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ!

ಹೀಗೇ ಹಲ್ಲು ಕಚ್ಚಿ ಎರಡು ತಿಂಗಳು ನಡೆಸಿದೆ. ಆ ಹಲ್ಲುಗಳಲ್ಲೇ ಒಂದಕ್ಕೆ ಹುಳುಕು ಹಿಡಿದು ಡೆಂಟಿಸ್ಟ್ ಹತ್ತಿರ ಓಡಿದ್ದೂ ಆಯಿತು. ಉಳಿದ ನಾಲ್ವರೂ ನನ್ನ ಮುಖ ನೋಡುವುದನ್ನು ಬಿಟ್ಟು ಕೆಲಸ ನೋಡತೊಡಗಿದರು. ಬಿಡುಗಡೆ ಹೇಳಿದ ದಿನಕ್ಕೇ ಆಯಿತು. ಆದರೆ ಎಮಿಲಿ ಮಾತ್ರ ವರ್ಗದ ಬಗ್ಗೆ ತುಟಿ ಬಿಚ್ಚಲಿಲ್ಲ.

ಗಡುವಿನ ಕೊನೆಯ ಶನಿವಾರ ಯುಗಾದಿಯ ಊಟಕ್ಕೆ ಇಡೀ ತಂಡವನ್ನು ಮನೆಗೆ ಕರೆದೆ. ಸುಮಾ ಒಬ್ಬಟ್ಟು ತಂದಳು. ಎಮಿಲಿ “ನೋ ಥ್ಯಾಂಕ್ಸ್” ಎಂದಳು. ಸುಮಾ ಬಿಡಲಿಲ್ಲ, ಬಡಿಸಲು ಬಗ್ಗಿದಳು. ನಾನು ಹಾರಿ ಬಂದು ಅವಳ ಕೈ ಹಿಡಿದೆ. “ಬೇಡ ಅಂದ್ರೆ ಬೇಡ ಅಂತಾನೇ ಅರ್ಥ ಕಣೆ!” ಸುಮಾ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಉಳಿದವರು ಮೂರು ಮೂರು ಒಬ್ಬಟ್ಟು ಬಾರಿಸಿದರು. ನನ್ನ ಸಂಯಮಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಸೋಮವಾರ ಎಮಿಲಿ ನನ್ನ ರೂಮಿಗೆ ಬಂದು ಬಾಗಿಲು ಹಾಕಿದಳು. “ವರ್ಗದ ಅರ್ಜಿ ವಾಪಸ್ ತಗೊಂಡೆ. ಈಗ ಕೆಲಸ ನನ್ನದು ಅನ್ನಿಸ್ತಿದೆ” ಎಂದಳು. ಕಣ್ಣು ತುಂಬಿಬಂತು. “ಆದ್ರೆ ಒಂದು ದೂರು ಇದೆ. ನಿಮ್ಮನೇಲಿ ಮೂರು ಸಲ ಕೇಳ್ತಾರೆ, ಮೊದಲೆರಡು ಸಲ ಬೇಡ ಅನ್ನೋದೇ ಮರ್ಯಾದೆ ಅಂತ ನಮ್ಮ ತಂಡದ ಶ್ರೀಧರ ಹೇಳಿಕೊಟ್ಟಿದ್ದ. ನೀವು ಒಂದೇ ಸಲಕ್ಕೆ ನಿಲ್ಲಿಸಿಬಿಟ್ರಿ. ಎಲ್ಲರೂ ತಿನ್ನೋದನ್ನ ನೋಡ್ತಾ ಕೂತಿದ್ದೆ.”

ಮಾರನೆಯ ದಿನ ಸುಮಾ ಬೈದುಕೊಂಡೇ ಹೊಸದಾಗಿ ಮಾಡಿಕೊಟ್ಟ ನಾಲ್ಕು ಒಬ್ಬಟ್ಟಿನ ಡಬ್ಬಿಯನ್ನು ಎಮಿಲಿಯ ಮೇಜಿನ ಮುಂದೆ ಹಿಡಿದು ನಿಂತೆ. ಅವಳು ತಲೆ ಎತ್ತಿ, ಗಂಭೀರವಾಗಿ “ನೋ ಥ್ಯಾಂಕ್ಸ್” ಎಂದಳು. ಆಫೀಸಿನಲ್ಲಿ ಕೋಚಮ್ಮನ ನಿಯಮ, ಒಬ್ಬಟ್ಟಿಗೆ ಅಜ್ಜಿಯ ನಿಯಮ. ಏನು ಮಾಡಲೂ ತೋಚದೆ ಕಲ್ಲುಸಕ್ಕರೆಗೆಂದು ಜೇಬಿಗೆ ಕೈ ಹಾಕಿದೆ. ಮುಗಿದುಹೋಗಿತ್ತು.