ಬೆಳ್ಳಿಯಪ್ಪ ಹೇಳಿದ ಆನೆ

“ಆನೆ ಬಂದಿದೆ ಅಂದ್ರೆ ಬಂದಿದೆ ಕಣ್ರೀ. ಅದ್ರಲ್ಲಿ ನಿಮ್ಮ ಅಭಿಪ್ರಾಯ ಏನಿದೆ?”

“ಯಾರು ಹೇಳಿದ್ದು?”

“ಬೆಳ್ಳಿಯಪ್ಪಣ್ಣ.”

“ಹಾಗಾದ್ರೆ ಬಂದಿಲ್ಲ.”

ರುಕ್ಮಿಣಮ್ಮ ಸೊಪ್ಪು ಸೋಸುವುದನ್ನು ನಿಲ್ಲಿಸಿ ಗಂಡ ರುದ್ರಪ್ಪನವರ ಮುಖ ನೋಡಿದರು. ಬೆಳ್ಳಿಯಪ್ಪ ಪಕ್ಕದ ತೋಟದವರು. ಜೀಪಿನಿಂದ ಹಿಡಿದು ಉಪ್ಪಿನಕಾಯಿಯವರೆಗೆ ಎರಡು ಮನೆಗೂ ಒಂದೇ ಎಂಬಂತಿತ್ತು. ಹೋದ ಚುನಾವಣೆಯಲ್ಲಿ ಅವರು ತಮ್ಮ ಗೇಟಿಗೆ ಎದುರು ಪಕ್ಷದ ಬಾವುಟ ಕಟ್ಟಿದ್ದೇ ತಡ, ರುದ್ರಪ್ಪನವರ ಪಾಲಿಗೆ ಅವರು ಆಡಿದ್ದೆಲ್ಲ ಸುಳ್ಳಾಯಿತು. ಪಕ್ಕದ ಆಲ್ದೂರಿನಲ್ಲಿ ಮಳೆ ಶುರುವಾಗಿದೆ ಎಂದು ಬೆಳ್ಳಿಯಪ್ಪ ಹೇಳಿ ಕಳಿಸಿದ ದಿನ ಇವರು ಬೇಕೆಂದೇ ಕಣದ ತುಂಬ ಕಾಫಿ ಹರವಿಸಿದ್ದರು. ಅದು ನೆನೆದು ಹಾಳಾದದ್ದಕ್ಕೂ ಆ ಪಕ್ಷವೇ ಕಾರಣವೆಂದು ಎಲ್ಲರಿಗೂ ವಿವರಿಸಿದ್ದರು.

“ಕೆಳಗಿನ ತೋಟದಲ್ಲಿ ಲದ್ದಿ ಬಿದ್ದಿದೆ. ನಮ್ಮ ತೋಟದ ಲೆಕ್ಕ ಬರೆಯೋ ರೈಟರೂ ನೋಡಿದ್ದಾನೆ.”

“ಅದು ಹಳೇದು. ಅವ್ರ ಸರ್ಕಾರ ಇದ್ದಾಗಿಂದು.”

“ಇನ್ನೂ ಬಿಸಿ ಇದೆಯಂತೆ ರೀ.”

ಬೆಳ್ಳಿಯಪ್ಪನ ಹೆಂಡತಿ ಸಿದ್ದಗಂಗಮ್ಮ ಕಳಿಸಿದ್ದ ಆನೆಯ ಫೋಟೋವನ್ನು ರುಕ್ಮಿಣಮ್ಮ ಮೊಬೈಲಿನಲ್ಲಿ ತೆರೆದು ಮುಂದೆ ಹಿಡಿದರು. ರುದ್ರಪ್ಪನವರು ಕನ್ನಡಕ ಏರಿಸಿ, ಚಿತ್ರವನ್ನು ಹಿಗ್ಗಿಸಿ, ಇಂಥದನ್ನೆಲ್ಲ ಈಗ ಕಂಪ್ಯೂಟರಿನಲ್ಲೇ ಮಾಡುತ್ತಾರೆ, ಸೊಂಡಿಲಿನ ನೆರಳೇ ಸರಿಯಿಲ್ಲ ಎಂದು ತೀರ್ಪು ಕೊಟ್ಟರು.

“ನಿನ್ನೆ ನಿಮ್ಮ ವಾಟ್ಸಾಪ್ ಗುಂಪಲ್ಲಿ ಗಾಳೀಲಿ ತೇಲೋ ಬಂಡೆ ಬಂದಿತ್ತಲ್ಲ, ಅದು ನಿಜವಾ?”

“ಅದನ್ನ ಕಳಿಸಿದ್ದು ನಮ್ಮವ್ರು.”

ಅಷ್ಟರಲ್ಲಿ ಬೇಲಿಯಾಚೆ ಪಟಾಕಿ ಸಿಡಿಯಿತು. ರುದ್ರಪ್ಪನವರ ಮೈ ಉರಿದುಹೋಯಿತು. ಆ ಪಕ್ಷದವರು ಈಗ ಎಲ್ಲಿ ಗೆದ್ದರು, ಪಂಚಾಯ್ತಿಯಲ್ಲೋ ಸೊಸೈಟಿಯಲ್ಲೋ, ನನಗೆ ಕೇಳಲಿ ಅಂತಲೇ ಹೊಡೆಯುತ್ತಿದ್ದಾರೆ ಎಂದು ಎದ್ದರು. ಅದು ಆನೆ ಓಡಿಸಲು ಎಂದು ರುಕ್ಮಿಣಮ್ಮ ಹೇಳಿ ಮುಗಿಸುವಷ್ಟರಲ್ಲಿ ಪಂಚೆ ಎತ್ತಿ ಕಟ್ಟಿ ಅಂಗಳಕ್ಕೆ ಇಳಿದಾಗಿತ್ತು.

“ಏಯ್ ಬೆಳ್ಳಿಯಪ್ಪ, ಎಲ್ಲಿ ಗೆದ್ರಯ್ಯ ನೀವು?”

ಕಣದ ಪಕ್ಕದ ಬಾಳೆ ಹಿಂಡು ಇಬ್ಭಾಗವಾಯಿತು. ಮುಸ್ಸಂಜೆಯ ಮಬ್ಬಿನಲ್ಲಿ ಮೊದಲು ಒಂದು ದಂತ, ಆಮೇಲೆ ಮಾಡಿನೆತ್ತರದ ತಲೆ. ರುದ್ರಪ್ಪನವರು ಚಪ್ಪಲಿ ಬಿಟ್ಟು ಓಡಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ ಹೊಕ್ಕು ಒಳಗಿನಿಂದ ಚಿಲಕ ಹಾಕಿಕೊಂಡರು. ಆನೆ ಅವರತ್ತ ತಿರುಗಿಯೂ ನೋಡಲಿಲ್ಲ. ಒಂದು ಬಾಳೆ ಕಿತ್ತು ಬಾಯಿಗಿಟ್ಟುಕೊಂಡು, ರಸ್ತೆ ದಾಟಿ ಕಾಡಿನ ಕಡೆ ಇಳಿದುಹೋಯಿತು.

ಬೆಳ್ಳಿಯಪ್ಪ ಟಾರ್ಚು ಹಿಡಿದು ಓಡಿ ಬಂದರು. ಅಷ್ಟೊಂದು ಪಟಾಕಿ ಎಲ್ಲಿತ್ತು ಎಂದು ರುಕ್ಮಿಣಮ್ಮ ಕೇಳಿದರು.

“ಗೆದ್ದಾಗ ಹೊಡಿಯೋಣ ಅಂತ ತಂದಿದ್ದೆ ಅಕ್ಕ. ಸೋತ್ವಲ್ಲ, ಹಾಗೇ ಉಳಿದಿತ್ತು.”

ಪಲ್ಪರ್ ಮನೆಯೊಳಗಿನಿಂದ ಸಣ್ಣಗೆ ನಗು ಕೇಳಿಸಿತು. ಬೆಳ್ಳಿಯಪ್ಪ ಬಾಗಿಲು ತಟ್ಟಿದರು.

“ಆನೆ ಹೋಯ್ತು ರುದ್ರಪ್ಪಣ್ಣ. ಹೊರಗೆ ಬನ್ನಿ.”

“ನೀನು ಹೇಳಿದ್ರೆ ನಾನು ನಂಬಬೇಕಾ?”

“ಕಣ್ಣಾರೆ ನೋಡಿದೆ.”

“ನಿನ್ನ ಕಣ್ಣು ಯಾವ ಪಕ್ಷದ್ದು ಅಂತ ನಂಗೆ ಗೊತ್ತು ಮಾರಾಯ.”

ರುಕ್ಮಿಣಮ್ಮ ಗಂಡನ ಚಪ್ಪಲಿಗಳನ್ನು ಕಾಲಿನಿಂದಲೇ ಬಾಗಿಲ ಬಳಿಗೆ ಸರಿಸಿದರು.

“ಬಿಡಿ ಬೆಳ್ಳಿಯಪ್ಪಣ್ಣ. ನಾಳೆ ಪೇಪರಲ್ಲಿ ಬಂದ ಮೇಲೆ ಈಚೆ ಬರ್ತಾರೆ. ನೀವು ಬನ್ನಿ, ಕಾಫಿ ಕುಡಿದು ಹೋಗಿ.”

ಇಬ್ಬರೂ ಮೆಟ್ಟಿಲು ಹತ್ತಿದ್ದರು. ಹಿಂದಿನಿಂದ ಗಟ್ಟಿ ದನಿ ಬಂತು.

“ಬರೀ ಪೇಪರಲ್ಲ ರುಕ್ಮಿಣಿ. ನಮ್ಮ ಪೇಪರಲ್ಲಿ ಬರ್ಬೇಕು.”