ಕಾಫಿ ಬಿಟ್ಟ ಹರಕೆ

ಮುನಿಸಿಲ್ಲದೆ ಮಂಕಾಗಿ ಕೂತ ಗಂಡನನ್ನು ಮಾತಾಡಿಸುವುದು ಅಂಥ ದೊಡ್ಡ ಕೆಲಸವೇನಲ್ಲ ಎಂದು ನಾನು ತಿಳಿದಿದ್ದೆ. ಶರಾವತಿಯ ಹಿನ್ನೀರಿನಲ್ಲಿ ನಮ್ಮ ಗದ್ದೆ ಮುಳುಗಿ, ರಿಪ್ಪನ್‌ಪೇಟೆಯ ಬಾಡಿಗೆ ಮನೆಗೆ ಬಂದಾಗಿನಿಂದ ನಮ್ಮವರು ಮಾತೇ ಬಿಟ್ಟಿದ್ದರು. ಬೆಳಗ್ಗೆ ಬಾಗಿಲ ಮುಂದಿನ ಬೆಂಚಿನಲ್ಲಿ ಕೂತರೆ ಸಂಜೆಯವರೆಗೆ ಹೋಗಿಬರುವ ಬಸ್ಸು ನೋಡುವುದು. ಉಳುವ ಮನುಷ್ಯನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ.

ಹಾಗಾಗಿ ಹರಕೆ ಹೊತ್ತೆ. ಇವರಾಗಿಯೇ ಬಾಯಿ ತೆರೆದು 'ಕಾಫಿ ಕೊಡು' ಎಂದು ಕೇಳುವವರೆಗೆ ನಾನು ಕಾಫಿ ಮುಟ್ಟುವುದಿಲ್ಲ ಎಂದು ಮನೆದೇವರಿಗೆ ಕೈಮುಗಿದೆ. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲವಿಲ್ಲವಲ್ಲ, ಯಾರಿಗೂ ಹೇಳಲಿಲ್ಲ. ನನಗೆ ಆಸೆ ಹುಟ್ಟದಿರಲೆಂದು ಇದ್ದ ಕಾಫಿಪುಡಿಯನ್ನು ಪಕ್ಕದ ಮನೆ ಗೌರಕ್ಕನಿಗೆ ಕೊಟ್ಟು, ಖಾಲಿ ಡಬ್ಬಿಗೆ ಸೀಗೆಪುಡಿ ತುಂಬಿಟ್ಟೆ. ಎಂಥ ಮುಂದಾಲೋಚನೆ! ಇವರು ಕೇಳಿದರೆ ಕೊಡಲು ಪುಡಿ ಎಲ್ಲಿದೆ ಎಂಬ ಪ್ರಶ್ನೆ ಮಾತ್ರ ಹೊಳೆಯಲೇ ಇಲ್ಲ. ಬೆಳಗ್ಗೆ ಇವರಿಗೆ ಕಾಫಿಯ ಬದಲು ಜೀರಿಗೆ ಕಷಾಯ ಕೊಟ್ಟೆ. ತುಟಿ ಪಿಟಕ್ಕೆನ್ನದೆ ಕುಡಿದರು.

ಮರುದಿನವೇ ನನಗೆ ತಲೆನೋವು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಹಾಲು ಉಕ್ಕಿಸಿದೆ, ಸೊಪ್ಪು ಮಾರುವವಳ ಮೇಲೆ ರೇಗಿದೆ. ಆದರೂ ಹರಕೆ ಫಲಿಸಲಿಲ್ಲವೆಂದು ರಾತ್ರಿಯೂಟವನ್ನೂ ಬಿಟ್ಟೆ. ದೇವರ ಮೇಲೆ ಇನ್ನಷ್ಟು ಒತ್ತಾಯ ತರುವುದು ನನ್ನ ಘನ ಉದ್ದೇಶವಾಗಿತ್ತು.

ಹೀಗೆ ನಾಲ್ಕೈದು ದಿನ ಕಳೆದ ಮೇಲೆ ಬಾವಿಕಟ್ಟೆಯಲ್ಲಿ ಗೌರಕ್ಕ ನನ್ನ ಮುಖ ನೋಡಿದಳು. "ಎಂತದೇ ಇದು, ಗಂಡನಿಗಿಂತ ನೀನೇ ಸೊರಗಿದೀಯ. ನೀನೂ ಮಲಗಿದ್ರೆ ಅವ್ರನ್ನ ಎಬ್ಸೋರು ಯಾರು?"

"ನಂಗೆಂತ ಆಗಿದೆ ಗೌರಕ್ಕ? ಕಲ್ಲುಗುಂಡಿನ ಹಾಗಿದೀನಿ" ಎಂದು ಕೊಡ ಎತ್ತಿದೆ.

ಕೊಡ ಬಿತ್ತು. ಕಲ್ಲುಗುಂಡೂ ಬಿತ್ತು.

ಕಣ್ಣು ಬಿಟ್ಟಾಗ ಮನೆಯೊಳಗೆ ಚಾಪೆಯ ಮೇಲಿದ್ದೆ. ಇವರು ಪಕ್ಕದಲ್ಲಿ ಕೂತು ಗಾಳಿ ಬೀಸುತ್ತಿದ್ದರು. ಬೆಂಚು ಬಿಟ್ಟು ಓಡಿಬಂದು ನನ್ನನ್ನು ಎತ್ತಿಕೊಂಡೇ ಬಂದರೆಂದೂ, ಬೀದಿಯವರೆಲ್ಲ ನೋಡಿದರೆಂದೂ ಗೌರಕ್ಕ ವರದಿ ಒಪ್ಪಿಸಿ ಹೋದಳು. ನಾಚಿಕೆಯಿಂದ ಮತ್ತೆ ಕಣ್ಣು ಮುಚ್ಚಿದೆ.

"ಊಟ ಮಾಡ್ತಿದೀಯೋ ಇಲ್ವೋ? ಎಂತ ಆಯ್ತು ಮಾರಾಯ್ತಿ?" ಎಂದರು ಇವರು. ಅಷ್ಟುದ್ದದ ಮಾತು ಅವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ತಡೆಯಲಾಗದೆ ಹರಕೆಯನ್ನೆಲ್ಲ ಹೇಳಿಬಿಟ್ಟೆ.

ಅವರು ಗಾಳಿ ಬೀಸುವುದನ್ನು ನಿಲ್ಲಿಸಿದರು. "ಅಲ್ವೇ, ನಾನು ದಿನಾ ಕಾಫಿಗೇ ಕಾಯ್ತಿದ್ದೆ. ಗದ್ದೆ ಹೋದ್ಮೇಲೆ ಕಾಫಿಪುಡಿಗೂ ಗತಿ ಇಲ್ಲ ಅಂತ ನಿಲ್ಸಿದೀಯ ಅಂದ್ಕೊಂಡೆ. ಕೇಳಿದ್ರೆ ನಿಂಗೆ ಬೇಜಾರಾಗ್ತದೆ ಅಂತ ಸುಮ್ನಿದ್ದೆ."

ಅಂದರೆ ಅವರ ಬಾಯಿಗೆ ಬೀಗ ಹಾಕಿ, ಬೀಗದ ಕೈಯನ್ನು ನಾನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ. ಅಳು ಬಂತು, ಜೊತೆಗೆ ನಗುವೂ ಬಂತು. ಇವರೂ ನಕ್ಕರು. ಆ ನಗು ಕೇಳಿ ನನ್ನ ಅರ್ಧ ಸುಸ್ತು ಇಳಿಯಿತು.

"ನೀನು ಮಲಗಿರು. ಇವತ್ತು ನಾನೇ ಕಾಫಿ ಮಾಡ್ತೀನಿ" ಎಂದು ಜನ್ಮದಲ್ಲಿ ಮೊದಲ ಬಾರಿಗೆ ಒಲೆಯ ಮುಂದೆ ಕೂತರು. ಲೋಟ ತುಂಬಿಸಿ ತಂದು ಹೆಮ್ಮೆಯಿಂದ ನನ್ನ ಕೈಗಿಟ್ಟರು.

"ನೋಡು, ಹೋಟ್ಲಲ್ಲೂ ಇಂಥ ನೊರೆ ಬರಲ್ಲ."

ನೊರೆ ಕಂಡ ಕೂಡಲೇ, ಹೇಳಲು ಮರೆತಿದ್ದ ಸೀಗೆಪುಡಿಯ ಡಬ್ಬಿ ನೆನಪಾಯಿತು. ಹೇಳಲು ಬಾಯಿ ತೆರೆದೆ. ಆದರೆ ಆ ಮುಖದ ಹಿಗ್ಗು ನೋಡಿ, ಕಣ್ಣು ಮುಚ್ಚಿ ದೊಡ್ಡ ಗುಟುಕೊಂದನ್ನು ನುಂಗಿಯೇಬಿಟ್ಟೆ.

ನನ್ನ ತಲೆಯನ್ನು ಬರೀ ಹೊರಗಿನಿಂದ ತೊಳೆದರೆ ಸಾಲದೆಂದು ಮನೆದೇವರಿಗೂ ಅನಿಸಿರಬೇಕು.